ಹುಕಾಂಗ್ ಕಾಡಿನಲ್ಲಿ ಉಳಿದುಹೋದವರು

ಚೆನ್ನೈನ ಬೀಚ್ ರೈಲು ನಿಲ್ದಾಣದ ಬಳಿ ಬರ್ಮಾ ಬಜಾರ್ ಇದೆ. ಹಿಂದಿನ ಬೀದಿಗಳಲ್ಲಿ ಸಂಜೆಯಾದರೆ ಅತ್ತೋ ಮಾರುವ ತಳ್ಳುಗಾಡಿಗಳು ಬಂದು ನಿಲ್ಲುತ್ತವೆ. ನೂಡಲ್ಸಿಗೆ ಹುರಿದ ಈರುಳ್ಳಿ, ಎಲೆಕೋಸು, ಹುಣಿಸೆರಸ ಹಾಕಿ ಕೈಯಲ್ಲೇ ಕಲಸಿ ಕೊಡುತ್ತಾರೆ, ಜೊತೆಗೆ ಬಾಳೆದಿಂಡಿನ ಸಾರು. ಈ ತಿನಿಸೂ ಈ ಬಜಾರೂ 1960ರ ದಶಕದಲ್ಲಿ ಬರ್ಮಾದಿಂದ ಬಂದವರ ಬಳುವಳಿ. 1962ರಲ್ಲಿ ಜನರಲ್ ನೆ ವಿನ್ ಅಧಿಕಾರ ಹಿಡಿದ ಮೇಲೆ ಅಂಗಡಿ, ವ್ಯಾಪಾರಗಳು ಸರ್ಕಾರದ ಪಾಲಾದವು. ಬರಿಗೈಯಾದವರು ಹಡಗು ಹತ್ತಿ ಮದ್ರಾಸಿಗೆ ಬಂದಿಳಿದರು.

ಅವರಿಗಿಂತ ಇಪ್ಪತ್ತು ವರ್ಷ ಮೊದಲೇ ಬರ್ಮಾದಿಂದ ಇನ್ನೊಂದು ಗುಂಪು ಹೊರಟಿತ್ತು. ಅದು ಬಹುಪಾಲು ಕಾಲ್ನಡಿಗೆಯಲ್ಲಿ, ಕಾಡು ಬೆಟ್ಟಗಳನ್ನು ದಾಟಿ ಬಂತು. ಹೊರಟವರಲ್ಲಿ ಎಲ್ಲರೂ ತಲುಪಲಿಲ್ಲ. ನಡೆಯಲಾರದ ಮುದುಕರು, ಮುದುಕಿಯರು, ಕಾಯಿಲೆ ಬಿದ್ದವರು, ಎಳೆಗೂಸುಗಳು ದಾರಿಯಲ್ಲೇ ಉಳಿದರು. ಅದೇ ವರ್ಷ, ಅದೇ ಸೀಮೆಯ ಕಾಡಿನಲ್ಲಿ ಸಿಕ್ಕಿಕೊಂಡ ಬೇರೆ ಕೆಲವರನ್ನು ಮಾತ್ರ ಆನೆಗಳನ್ನು ಕಳಿಸಿ ಹುಡುಕಿ ಕರೆತರಲಾಯಿತು. ಯಾರನ್ನು ಹುಡುಕಲು ಹೊರಟರು, ಯಾರನ್ನು ಹುಡುಕಲಿಲ್ಲ ಎನ್ನುವುದರಲ್ಲಿ 1942ರ ಆ ಕಥೆಯ ತಿರುಳಿದೆ.

*

ಮದ್ರಾಸಿನಿಂದ ರಂಗೂನಿಗೆ ಹಡಗಿನಲ್ಲಿ ಮೂರು ನಾಲ್ಕು ದಿನದ ಪಯಣ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಮದ್ರಾಸು, ಕಾಕಿನಾಡ, ವಿಶಾಖಪಟ್ಟಣದ ರೇವುಗಳಲ್ಲಿ ಮೇಸ್ತ್ರಿಗಳು ಆಳುಗಳನ್ನು ಕೂಡಿಸಿ ಮುಂಗಡ ಕೊಟ್ಟು ಡೆಕ್ಕಿನ ಮೇಲೆ ಹತ್ತಿಸುತ್ತಿದ್ದರು. ಭತ್ತದ ಕೊಯ್ಲಿಗೆ, ಅಕ್ಕಿ ಗಿರಣಿಗೆ, ಬಂದರಿನಲ್ಲಿ ಮೂಟೆ ಹೊರಲು, ರಂಗೂನಿನ ಬೀದಿ ಗುಡಿಸಲು ಈ ಜನ ಬೇಕಾಗಿತ್ತು. 1920ರ ದಶಕದ ಕೊನೆಯ ಹೊತ್ತಿಗೆ ವರ್ಷಕ್ಕೆ ಮೂರು ನಾಲ್ಕು ಲಕ್ಷ ಮಂದಿ ಹೀಗೆ ಬರ್ಮಾಕ್ಕೆ ಹೋಗುತ್ತಿದ್ದರು, ಹೆಚ್ಚು ಕಡಿಮೆ ಅಷ್ಟೇ ಮಂದಿ ಮರಳುತ್ತಿದ್ದರು. 1931ರ ಜನಗಣತಿಯಲ್ಲಿ ಬರ್ಮಾದಲ್ಲಿದ್ದ ಭಾರತೀಯರು ಹತ್ತು ಲಕ್ಷಕ್ಕೂ ಹೆಚ್ಚು. ರಂಗೂನ್ ನಗರದ ನಾಲ್ಕು ಲಕ್ಷ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಅವರೇ.

ಎಲ್ಲರೂ ಆಳುಗಳಾಗಿರಲಿಲ್ಲ. ಚೆಟ್ಟಿನಾಡಿನ ಚೆಟ್ಟಿಯಾರರು ರೈತರಿಗೆ ಸಾಲ ಕೊಟ್ಟು, 1930ರ ಕುಸಿತದ ನಂತರ ಬರ್ಮಾದ ಮುಖ್ಯ ಭತ್ತದ ಜಿಲ್ಲೆಗಳ ಕಾಲು ಭಾಗ ಜಮೀನಿಗೆ ಒಡೆಯರಾಗಿದ್ದರು. ಗುಮಾಸ್ತರು, ರೈಲ್ವೆ ನೌಕರರು, ಅಂಗಡಿಕಾರರು ಇದ್ದರು. ಹೊಲಗೆಲಸಕ್ಕೆ ಬಂದ ಗಂಡಸರು ಸುಗ್ಗಿ ಮುಗಿದ ಮೇಲೆ ಊರಿಗೆ ಮರಳುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ಅಲ್ಲೇ ನೆಲೆಸಿ ಮುಪ್ಪಾಗುತ್ತಿದ್ದದ್ದು ಈ ಎರಡನೆಯ ಬಗೆಯ ಮನೆಗಳಲ್ಲಿ. ಅಂಥ ಮನೆಗಳಿಗೆ ಮದ್ರಾಸು ಹೆಸರಿಗಷ್ಟೇ ಊರು.

ಒಂದು ಪದದ ಪಾಡನ್ನು ಇಲ್ಲಿ ಗಮನಿಸಬೇಕು. ಕನ್ನಡದಲ್ಲೂ ತಮಿಳಿನಲ್ಲೂ ಕೂಲಿ ಎಂದರೆ ಮೊದಲಿಗೆ ದುಡಿಮೆಗೆ ಸಿಗುವ ಹಣ. ದಿನದ ಕೊನೆಗೆ ಎಣಿಸಿಕೊಳ್ಳುವಂಥದ್ದು. ಬ್ರಿಟಿಷರ ಕಡತದಲ್ಲಿ ಅದು ಮನುಷ್ಯನ ಹೆಸರಾಯಿತು. ಕಾಕಿನಾಡದ ಹತ್ತಿರದ ಕೋರಂಗಿ ಎಂಬ ಹಳೆಯ ರೇವಿನಿಂದ ಹಡಗು ಹತ್ತಿದ ತೆಲುಗರಿಗೆಲ್ಲ ಬರ್ಮಾದಲ್ಲಿ ಕೋರಂಗಿಗಳು ಎಂದೇ ಹೆಸರು. ಒಬ್ಬನಿಗೆ ತಾನು ಎಣಿಸುವ ಹಣದ ಹೆಸರು, ಇನ್ನೊಬ್ಬನಿಗೆ ಹಡಗು ಹತ್ತಿದ ರೇವಿನ ಹೆಸರು. ಸ್ವಂತ ಹೆಸರನ್ನು ಬರೆದುಕೊಳ್ಳುವ ಅಗತ್ಯ ಕಚೇರಿಗೆ ಬರಲಿಲ್ಲ. ಮುಂದೆ ಕಾಡಿನಲ್ಲಿ ಈ ಕೊರತೆ ದುಬಾರಿಯಾಯಿತು.

*

1941ರ ಡಿಸೆಂಬರ್ 23ರಂದು ಜಪಾನಿ ವಿಮಾನಗಳು ರಂಗೂನಿನ ಮೇಲೆ ಬಾಂಬು ಹಾಕಿದವು. ಬೀದಿಯಲ್ಲಿ ನಿಂತು ಆಕಾಶ ನೋಡುತ್ತಿದ್ದ ಜನರೇ ಹೆಚ್ಚಾಗಿ ಸತ್ತರು. ಎರಡು ದಿನ ಬಿಟ್ಟು, ಕ್ರಿಸ್ಮಸ್ಸಿನ ದಿನ ಮತ್ತೆ ಬಂದವು. ಬಂದರಿನ ಆಳುಗಳು, ಪೌರಕಾರ್ಮಿಕರು ಊರು ಬಿಟ್ಟು ಉತ್ತರಕ್ಕೆ ನಡೆದರು. ಅವರಿಲ್ಲದೆ ಹಡಗು ಖಾಲಿಯಾಗದು, ಬೀದಿಯಲ್ಲಿ ಕೊಳೆ ತೆಗೆಯುವವರಿಲ್ಲ. ಹಾಗಾಗಿ ಹಲವರನ್ನು ಮನವೊಲಿಸಿ ವಾಪಸು ಕರೆತರಲಾಯಿತು. ಹಡಗಿನ ಟಿಕೆಟ್ಟು ಹಣವಿದ್ದವರಿಗೆ, ಪರಿಚಯವಿದ್ದವರಿಗೆ ಸಿಕ್ಕಿತು. 1942ರ ಮಾರ್ಚ್ 8ರಂದು ರಂಗೂನ್ ಜಪಾನಿಗರ ಕೈಸೇರಿತು. ಅಲ್ಲಿಗೆ ಸಮುದ್ರದ ದಾರಿ ಮುಚ್ಚಿತು.

ಇನ್ನು ಉಳಿದದ್ದು ನೆಲದ ದಾರಿಗಳು. ಒಂದು ದಾರಿ ಪ್ರೋಮ್ ಊರಿನಿಂದ ತೌಂಗಪ್ ಕಣಿವೆ ದಾಟಿ ಅರಕಾನಿಗೆ, ಅಲ್ಲಿಂದ ಚಿತ್ತಗಾಂಗಿಗೆ. ಇನ್ನೊಂದು ಚಿಂದ್ವಿನ್ ನದಿ ದಾಟಿ ತಾಮು, ಪಲೇಲ್ ಮೂಲಕ ಇಂಫಾಲಕ್ಕೆ. ಈ ಎರಡನೆಯದರಲ್ಲಿ ಯೂರೋಪಿಯನ್ನರಿಗೂ ಆಂಗ್ಲೋ ಇಂಡಿಯನ್ನರಿಗೂ ಒಳ್ಳೆಯ ದಾರಿ, ಭಾರತೀಯರಿಗೆ ನೀರೂ ನೆರಳೂ ಇಲ್ಲದ ಬೇರೆ ದಾರಿ ಎಂಬ ದೂರು ಎದ್ದಿತು. ಜನ ಇವಕ್ಕೆ ಬಿಳಿ ದಾರಿ, ಕರಿ ದಾರಿ ಎಂದು ಹೆಸರಿಟ್ಟರು. ವೈಸರಾಯ್ ಮಂಡಳಿಯಲ್ಲಿ ಹೊರದೇಶದ ಭಾರತೀಯರ ಖಾತೆ ನೋಡುತ್ತಿದ್ದ ಎಂ.ಎಸ್. ಅಣೆ ಅವರೂ ಹೃದಯನಾಥ ಕುಂಜ್ರು ಅವರೂ ಗಡಿಗೆ ಹೋಗಿ ನೋಡಿಬಂದರು. ಅಲಹಾಬಾದಿನಲ್ಲಿ ಸೇರಿದ ಕಾಂಗ್ರೆಸ್ ಸಮಿತಿ ಈ ತಾರತಮ್ಯವನ್ನು ಖಂಡಿಸಿತು. ಗಾಂಧೀಜಿ ಇದನ್ನು ತಮ್ಮ ಪತ್ರಿಕೆಯಲ್ಲಿ ಎತ್ತಿದರು. ಮೂರು ತಿಂಗಳಿಗೆ ಕ್ವಿಟ್ ಇಂಡಿಯಾ ಕರೆ ಬಂತು. ತನ್ನ ಆಳ್ವಿಕೆಯಲ್ಲಿದ್ದ ಜನರನ್ನು ಓಡುವಾಗಲೂ ಎರಡು ಸಾಲಾಗಿ ನಿಲ್ಲಿಸಿದ ಸರ್ಕಾರದ ಮೇಲೆ ಉಳಿದಿದ್ದ ಅಲ್ಪಸ್ವಲ್ಪ ನಂಬಿಕೆ ಬತ್ತಿದ್ದರಲ್ಲಿ ಈ ಕಾಡುದಾರಿಗಳ ಸುದ್ದಿಯ ಪಾಲೂ ಇದೆ.

*

ಏಪ್ರಿಲ್ ಕೊನೆಯ ಹೊತ್ತಿಗೆ ಜಪಾನಿ ಸೇನೆ ಉತ್ತರಕ್ಕೆ ನುಗ್ಗಿ ಬಂತು. ಹಿಂದೆ ಬಿದ್ದ ಜನ ರೈಲು ಹಿಡಿದು ಬರ್ಮಾದ ತುದಿಯ ಮಿಚಿನಾ ಊರಿಗೆ ಬಂದರು. ಅಲ್ಲಿಂದ ವಿಮಾನಗಳು ಅಸ್ಸಾಮಿಗೆ ಹಾರುತ್ತಿದ್ದವು. ಮೇ 6ರಂದು ವಿಮಾನ ನಿಲ್ದಾಣದ ಮೇಲೂ ಬಾಂಬು ಬಿತ್ತು. ಇನ್ನು ಕಾಲೇ ಗತಿ. ಮುಂದಿದ್ದದ್ದು ಹುಕಾಂಗ್ ಕಣಿವೆ, ಅದರಾಚೆ ಪಟ್ಕಾಯ್ ಬೆಟ್ಟಸಾಲು, ಪಾಂಗ್ಸೌ ಕಣಿವೆ, ಆಮೇಲೆ ಅಸ್ಸಾಮಿನ ಲೇಡೊ. ಒಟ್ಟು 400 ಕಿಲೋಮೀಟರಿಗೂ ಹೆಚ್ಚು.

ಮೇ ನಡುವಿನಲ್ಲಿ ಮಳೆ ಹಿಡಿಯಿತು. ಸಾವಿರಾರು ಕಾಲು ತುಳಿದ ಕೆಂಪು ಜೇಡಿ ಮೊಣಕಾಲುದ್ದದ ಕೆಸರಾಯಿತು. ಹಳ್ಳಗಳು ಹೊಳೆಗಳಾದವು, ಹೊಳೆಗಳನ್ನು ದಾಟಲು ಆಗಲಿಲ್ಲ. ಜಿಗಣೆ, ಸೊಳ್ಳೆ, ಮಲೇರಿಯಾ, ರಕ್ತಭೇದಿ. ಕಾಲಿನ ಸಣ್ಣ ಗಾಯ ಕೊಳೆತು ಮೂಳೆ ಕಾಣುವ ಹುಣ್ಣಾಗುತ್ತಿತ್ತು. ಗಟ್ಟಿಮುಟ್ಟಾದ ಹರೆಯದವರೇ ಕುಸಿದ ದಾರಿಯಲ್ಲಿ ಅರವತ್ತು ದಾಟಿದವರ ಗತಿ ಹೇಳಬೇಕಿಲ್ಲ. ನಡೆಯಲಾಗದೆ ದಾರಿಬದಿಯ ಗುಡಿಸಲಿನಲ್ಲಿ ಉಳಿದವರ ಬಗ್ಗೆ ದಾಟಿ ಬಂದವರು ಆಮೇಲೆ ಹೇಳಿಕೊಂಡಿದ್ದಾರೆ. ಜೊತೆಯವರು ನಿಲ್ಲುವ ಹಾಗಿರಲಿಲ್ಲ. ನಿಂತರೆ ಅಕ್ಕಿ ತೀರುತ್ತಿತ್ತು.

ನಮ್ಮ ಕಾವ್ಯ ಪುರಾಣಗಳಲ್ಲಿ ಮುಪ್ಪಿನ ದಂಪತಿ ಕಾಡಿಗೆ ಹೋಗುವುದಕ್ಕೆ ವಾನಪ್ರಸ್ಥ ಎಂಬ ಗೌರವದ ಹೆಸರಿದೆ. ಧೃತರಾಷ್ಟ್ರ, ಗಾಂಧಾರಿ ತಾವಾಗಿ ಹೊರಟರು. ಕುಂತಿ, ವಿದುರ, ಸಂಜಯ ಜೊತೆಗೆ ನಡೆದರು. ಯುಧಿಷ್ಠಿರ ಕಾಡಿಗೆ ಹೋಗಿ ನೋಡಿಕೊಂಡು ಬಂದ, ಕೊನೆಗೆ ಕಾಡ್ಗಿಚ್ಚಿನಲ್ಲಿ ಅವರು ತೀರಿಕೊಂಡ ಸುದ್ದಿಯೂ ನಾರದನ ಬಾಯಿಂದ ಅವನನ್ನು ಮುಟ್ಟಿತು. ಹುಕಾಂಗಿನಲ್ಲಿ ಉಳಿದ ಮುದುಕರಿಗೆ ಇದು ಯಾವುದೂ ಇರಲಿಲ್ಲ. ಅವರು ಹೊರಟದ್ದು ಮನೆಗೆ.

ಸುಮಾರು ಅರ್ಧದಾರಿ ದಾಟಿದ ಮೇಲೆ ಶಿಂಬ್ವಿಯಾಂಗ್ ಎಂಬ ಹಳ್ಳಿ. ಅಲ್ಲಿಂದ ಲೇಡೊಗೆ ಇನ್ನೂ 160 ಕಿಲೋಮೀಟರು ಬೆಟ್ಟದ ಹಾದಿ. ಮಳೆ ಜೋರಾದಾಗ ಸಾವಿರಾರು ಜನ ಅಲ್ಲಿ ಸಿಕ್ಕಿಕೊಂಡರು. ಮುಂದೆ ಹೋಗಬೇಡಿ, ಮಳೆ ನಿಲ್ಲುವ ತನಕ ಅಲ್ಲೇ ಇರಿ ಎಂದು ತಿಳಿಸಲಾಯಿತು. ಮೋಡ ಬಿಟ್ಟ ದಿನ ವಿಮಾನದಿಂದ ಅಕ್ಕಿ ಮೂಟೆ ಉದುರುತ್ತಿತ್ತು. ಅಸ್ಸಾಮಿನ ಕಡೆಯಿಂದ ಚಹಾ ತೋಟಗಳ ಸಂಘ ದಾರಿಯುದ್ದಕ್ಕೂ ಬಿಡಾರಗಳನ್ನು ಕಟ್ಟಿಸಿ, ತೋಟದ ಆಳುಗಳ ಕೈಯಲ್ಲಿ ಅಕ್ಕಿ, ಔಷಧ ಹೊರಿಸಿ ಕಳಿಸಿತು. ಆ ಆಳುಗಳೂ ಹಿಂದೊಮ್ಮೆ ದೂರದ ಊರುಗಳಿಂದ ಮುಂಗಡ ಕೊಟ್ಟು ತಂದವರ ಮಕ್ಕಳು ಮರಿಗಳೇ. ಬೆಟ್ಟದ ನಾಗಾ ಜನರೂ ಹೊರೆ ಹೊತ್ತರು, ದಾರಿ ತೋರಿದರು. ಸಾವಿರಾರು ಜೀವ ಉಳಿದದ್ದು ಇವರಿಂದ. ಆದರೂ ಶಿಂಬ್ವಿಯಾಂಗಿನಲ್ಲಿ ಸಿಕ್ಕಿಕೊಂಡವರಲ್ಲಿ ಬದುಕಿದವರು ಹೊರಬಂದದ್ದು ಮಳೆ ಹಿಂದಾದ ಮೇಲೆಯೇ. ಆ ಹೊತ್ತಿಗೆ ಅಲ್ಲಿ ಬಹಳ ಮಂದಿ ತೀರಿಹೋಗಿದ್ದರು.

*

ಹುಕಾಂಗಿನ ಉತ್ತರಕ್ಕೆ ಇನ್ನೊಂದು ದಾರಿ, ಚೌಕನ್ ಕಣಿವೆಯದು. ಅದು ಎಷ್ಟು ಕಷ್ಟವೆಂದರೆ ಹೋಗಬೇಡಿ ಎಂಬ ಎಚ್ಚರಿಕೆ ಇತ್ತು. ಆದರೂ ಮೇ ತಿಂಗಳಲ್ಲಿ ಒಂದು ತಂಡ ಆ ಕಡೆ ನಡೆಯಿತು. ಅದರ ಮುಖ್ಯಸ್ಥ ಬರ್ಮಾ ರೈಲ್ವೆಯ ಹಿರಿಯ ಅಧಿಕಾರಿ ಸರ್ ಜಾನ್ ರೋಲೆಂಡ್, ವಯಸ್ಸು ಅರವತ್ತರ ಆಸುಪಾಸು. ಜೊತೆಗೆ ಅಧಿಕಾರಿಗಳು, ಸಿಪಾಯಿಗಳು, ಭಾರತೀಯ ನೌಕರರು, ಹೊರೆಯಾಳುಗಳು. ನದಿಗಳು ಉಕ್ಕಿ ಹರಿದಾಗ ತಂಡ ಕಾಡಿನ ನಡುವೆ ಸಿಕ್ಕಿಕೊಂಡಿತು.

ಇಬ್ಬರು ಮುಂದಾಗಿ ನಡೆದು ಅಸ್ಸಾಮಿನ ಅಂಚಿಗೆ ಬಂದು ಸುದ್ದಿ ಮುಟ್ಟಿಸಿದರು. ಸುದ್ದಿ ಸಿಕ್ಕಿದ್ದು ಗೈಲ್ಸ್ ಮ್ಯಾಕ್ರೆಲ್ ಎಂಬ 53 ವರ್ಷದ ಚಹಾ ಉದ್ಯಮಿಗೆ. ಆತನ ಬಳಿ ಆನೆಗಳಿದ್ದವು, ಆ ಕಾಡು ಬಲ್ಲ ಮಾವುತರಿದ್ದರು. ಜೂನ್ 9ರಂದು ದಾಫಾ ನದಿಯ ದಡ ಮುಟ್ಟಿದಾಗ ನದಿಯ ನಡುಗಡ್ಡೆಯಲ್ಲಿ 68 ಸಿಪಾಯಿಗಳು ಸಿಕ್ಕಿಬಿದ್ದಿದ್ದರು. ಪ್ರವಾಹಕ್ಕೆ ಆನೆಗಳೂ ಹೆಜ್ಜೆ ಊರಲಾಗಲಿಲ್ಲ. ಇರುಳು ಕಳೆದು ನೀರು ತುಸು ಇಳಿದಾಗ ಆನೆಗಳನ್ನು ದಾಟಿಸಿ ಎಲ್ಲರನ್ನೂ ತಂದರು. ಮ್ಯಾಕ್ರೆಲ್ ತಿಂಗಳುಗಟ್ಟಲೆ ಅಲ್ಲೇ ಬೀಡುಬಿಟ್ಟ. ಜ್ವರ ಬಂದು ಹಿಂತಿರುಗಿದವನು ಮತ್ತೆ ಹೊರಟ. ಅಪಾಯ ಹೆಚ್ಚು, ಕೈಬಿಡಿ ಎಂಬ ಸೂಚನೆ ಬಂದರೂ ಬಿಡಲಿಲ್ಲ. ಮಳೆಗಾಲದ ಕೊನೆಗೆ ರೋಲೆಂಡರ ತಂಡದ ಉಳಿದವರೂ ಹೊರಬಂದರು. ಒಟ್ಟು ಸುಮಾರು 200 ಜೀವ ಉಳಿದವು. ಮ್ಯಾಕ್ರೆಲ್ ತೆಗೆದ ಚಲನಚಿತ್ರದ ಸುರುಳಿ ಮತ್ತು ದಿನಚರಿ ಕೇಂಬ್ರಿಜ್ ವಿಶ್ವವಿದ್ಯಾಲಯ ಸೇರಿ, 2010ರಲ್ಲಿ ಜಗತ್ತಿನ ಮುಂದೆ ಬಂದವು. ನೊರೆಯೇಳುವ ನದಿಯಲ್ಲಿ ಹೊಟ್ಟೆಯವರೆಗೆ ಮುಳುಗಿ ನಡೆಯುವ ಆನೆಗಳನ್ನು ಅದರಲ್ಲಿ ಇಂದಿಗೂ ನೋಡಬಹುದು.

ಮ್ಯಾಕ್ರೆಲ್ ಸಾಹಸ ದೊಡ್ಡದು. ಆತ ಉಳಿಸಿದವರಲ್ಲಿ ಹೆಚ್ಚಿನವರು ಗೂರ್ಖಾ, ಸಿಖ್ ಸಿಪಾಯಿಗಳು, ಭಾರತೀಯರು. ಬಣ್ಣ ನೋಡಿ ಆನೆ ಕಳಿಸಿದನೆಂದು ಹೇಳಲಾಗದು. ವ್ಯತ್ಯಾಸ ಇರುವುದು ಅದಕ್ಕಿಂತ ಹಿಂದಿನ ಹೆಜ್ಜೆಯಲ್ಲಿ. ಚೌಕನ್ ಕಾಡಿನಲ್ಲಿ ಯಾರಿದ್ದಾರೆ, ಎಲ್ಲಿದ್ದಾರೆ ಎಂಬುದು ಹೊರಗಿನವರಿಗೆ ತಿಳಿಯಿತು. ತಂಡಕ್ಕೆ ಮುಖ್ಯಸ್ಥನಿದ್ದ, ಸಿಪಾಯಿಗಳಿಗೆ ಪಡೆಯ ಪಟ್ಟಿಯಿತ್ತು. ಒಬ್ಬ ಬರಲಿಲ್ಲವೆಂದರೆ ಅವನು ಬರಲಿಲ್ಲವೆಂದು ಬರೆದಿಡುವವರು ಇದ್ದರು. ಹುಕಾಂಗಿನ ಗುಡಿಸಲಿನಲ್ಲಿ ಉಳಿದ ಗಂಡ ಹೆಂಡತಿ ಯಾವ ಪಟ್ಟಿಯಲ್ಲೂ ಇರಲಿಲ್ಲ. ಅವರು ಬರಲಿಲ್ಲವೆಂದು ಗೊತ್ತಾಗಬೇಕಾದದ್ದು ಊರಿನಲ್ಲಿ ಕಾಯುತ್ತಿದ್ದ ಬಂಧುಗಳಿಗೆ, ಮತ್ತು ಆ ಬಂಧುಗಳ ಕೈಯಲ್ಲಿ ಆನೆಗಳಿರಲಿಲ್ಲ.

*

ಅದೇ ಹೊತ್ತಿನಲ್ಲಿ ಕಾಯುವ ಊರೂ ಓಡುತ್ತಿತ್ತು. ಏಪ್ರಿಲ್ 5ರಂದು ಕೊಲಂಬೊ ಮೇಲೆ, ಮರುದಿನ ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಜಪಾನಿ ಬಾಂಬು ಬಿತ್ತು. ಏಪ್ರಿಲ್ ಎರಡನೆಯ ವಾರ ಗವರ್ನರ್ ಆರ್ಥರ್ ಹೋಪ್ ಅವರ ಮದ್ರಾಸ್ ಸರ್ಕಾರ, ಕೆಲಸವಿಲ್ಲದವರೆಲ್ಲ ನಗರ ಬಿಡಿ ಎಂದಿತು. ಕಚೇರಿಗಳು ಒಳನಾಡಿಗೆ, ಹೈಕೋರ್ಟು ಕೊಯಮತ್ತೂರಿಗೆ ಹೋದವು. ಬಾಂಬು ಬಿದ್ದರೆ ಬೋನು ಒಡೆದು ಬೀದಿಗೆ ಬಂದಾವೆಂದು ಮೃಗಾಲಯದ ಹುಲಿ, ಸಿಂಹ, ಚಿರತೆಗಳನ್ನು ಮಲಬಾರ್ ಸ್ಪೆಷಲ್ ಪೊಲೀಸರು ಗುಂಡಿಟ್ಟು ಕೊಂದರು. ಕೆಲವೇ ದಿನಗಳಲ್ಲಿ ಬೀದಿಗಳು ಬರಿದಾದವು. ಅಸ್ಸಾಂ, ಕಲ್ಕತ್ತ ದಾಟಿ, ರೈಲು ಹಿಡಿದು ಬಂದ ಬರ್ಮಾದ ಜನ ಬಂದಿಳಿದದ್ದು ಇಂಥ ಮದ್ರಾಸಿಗೆ. ನಮ್ಮವರು ಹಿಂದೆ ಉಳಿದಿದ್ದಾರೆ ಎಂದು ಹೇಳಿಕೊಳ್ಳಲು ಕಚೇರಿಯ ಬಾಗಿಲು ತಟ್ಟಿದರೆ ಒಳಗಿದ್ದವರೇ ಕಡತ ಕಟ್ಟಿ ಹೊರಟಿದ್ದ ಕಾಲ ಅದು.

ಹುಕಾಂಗಿನಲ್ಲಿ ಉಳಿದವರು ಕೊನೆಗೆ ಕಣ್ಣಿಗೆ ಬಿದ್ದರು. 1943ರಲ್ಲಿ ಲೇಡೊದಿಂದ ಬರ್ಮಾದೊಳಕ್ಕೆ ಹೊಸ ರಸ್ತೆ ಕಡಿಯುತ್ತ ಅಮೆರಿಕದ, ಚೀನಾದ ಸೈನಿಕರು ಅದೇ ಹಾದಿಯಲ್ಲಿ ಇಳಿದರು. ನೀರಿನ ಒರತೆಗಳ ಪಕ್ಕದಲ್ಲಿ, ಏರುದಾರಿಯ ತುದಿಗಳಲ್ಲಿ, ಬಿದ್ದ ಗುಡಿಸಲುಗಳ ಒಳಗೆ ಅವರಿಗೆ ಅಸ್ಥಿಪಂಜರಗಳು ಸಿಕ್ಕವು. ಯಾರದು ಎಂದು ಗುರುತಿಸಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ರಸ್ತೆಯ ಕೆಲಸ ಮುಂದುವರಿಯಿತು.

ಹಾದಿಯಲ್ಲಿ ಬದುಕಿ ಬಂದವರಲ್ಲಿ ಮುಂದೆ ಹಿಂದಿ ಚಿತ್ರಗಳಲ್ಲಿ ಹೆಸರಾದ ಹೆಲೆನ್ ಒಬ್ಬರು. ಎಳೆಯ ಮಗುವಾಗಿ ತಾಯಿಯ ಜೊತೆ ಅಸ್ಸಾಂ ಸೇರಿದವರು. ಹಾಗೆ ಹೇಳಲು ಉಳಿದವರಿಂದ ಈ ಕಥೆ ನಮಗೆ ಸಿಕ್ಕಿದೆ. 1975ರಲ್ಲಿ ಇತಿಹಾಸಕಾರ ಹ್ಯೂ ಟಿಂಕರ್ ಇದನ್ನು ಮರೆತುಹೋದ ದೀರ್ಘ ನಡಿಗೆ ಎಂದು ಕರೆದು ಬರೆದರು. ನಾಲ್ಕರಿಂದ ಐದು ಲಕ್ಷ ಜನ ಭಾರತ ಮುಟ್ಟಿದರೆಂದು ಸಾಮಾನ್ಯ ಲೆಕ್ಕ. ದಾರಿಯಲ್ಲಿ ಸತ್ತವರು 10,000ದಿಂದ 50,000. ಇನ್ನೂ ಹೆಚ್ಚು ಎನ್ನುವವರೂ ಇದ್ದಾರೆ.

ಎರಡು ಅಂಕಿಗಳ ನಡುವಿನ ಅಂತರ 40,000. ಆ ಕಾಲದ ಒಂದು ಒಳ್ಳೆಯ ಪಟ್ಟಣದ ಜನಸಂಖ್ಯೆ. ಇಂದಿಗೂ ದುಡಿಯಲು ದೂರ ಹೋದವರ ಹೆಸರು ಮುಂಗಡ ಕೊಡುವವನ ಪುಸ್ತಕದಲ್ಲಿ ಇರುತ್ತದೆ, ಊರು ಬಿಟ್ಟು ಓಡಬೇಕಾದ ದಿನ ತೆರೆಯುವ ಪುಸ್ತಕದಲ್ಲಿ ಇರುವುದಿಲ್ಲ. 2020ರ ಲಾಕ್‌ಡೌನಿನಲ್ಲಿ ಹೆದ್ದಾರಿಗಳಲ್ಲಿ ನಡೆದು ಹೊರಟ ಕಾರ್ಮಿಕರಲ್ಲಿ ಸತ್ತವರೆಷ್ಟು ಎಂದು ಸಂಸತ್ತಿನಲ್ಲಿ ಕೇಳಿದಾಗ, ಅಂಥ ಲೆಕ್ಕ ಇಟ್ಟಿಲ್ಲ ಎಂದು ಕೇಂದ್ರ ಕಾರ್ಮಿಕ ಸಚಿವಾಲಯ ಉತ್ತರ ಕೊಟ್ಟಿತು.