ಕಾಣದ ಬೆಳಕನ್ನು ಅಳೆದ ಬಗೆ

ಗಬ್ಬೂರಿನ ಸೀಮೆಯಲ್ಲಿ ವಿಜ್ಞಾನ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ವಿದ್ಯಾರ್ಥಿಗಳು ನನ್ನನ್ನು ಮತ್ತೆ ಮತ್ತೆ ಕೇಳುತ್ತಿದ್ದ ಪ್ರಶ್ನೆಯೊಂದಿದೆ: ಇಬ್ಬನಿ ಬಿದ್ದ ಬೆಳಗಿನಲ್ಲಿ ದೊಡ್ಡ ವಿದ್ಯುತ್ ತಂತಿಗಳು ಏಕೆ ಚಿರುಗುಟ್ಟುತ್ತವೆ?

ತಂತಿಯ ಮೇಲಿನ ಹನಿಯ ತುದಿಯಲ್ಲಿ ವಿದ್ಯುತ್ ಕ್ಷೇತ್ರ ಅತಿಯಾದಾಗ ಅಲ್ಲಿನ ಗಾಳಿಯೇ ಅಯಾನು, ಎಲೆಕ್ಟ್ರಾನುಗಳಾಗಿ ಒಡೆಯುತ್ತದೆ. ಅದೇ ಪ್ಲಾಸ್ಮಾ. ಅದು ನಿರ್ವಾತ ನಳಿಕೆಯೊಳಗಿನದಲ್ಲ, ನಾವು ಉಸಿರಾಡುವ ಗಾಳಿಯಲ್ಲಿ, ವಾತಾವರಣದ ಒತ್ತಡದಲ್ಲಿಯೇ ಹುಟ್ಟುವಂಥದು. ಇದಕ್ಕೆ ಕರೋನಾ ವಿಸರ್ಜನೆ ಎಂದು ಹೆಸರು. ಇದರ ಬೆಳಕು ಬಹುಪಾಲು ನೇರಳಾತೀತ. ಆದ್ದರಿಂದ ಕಣ್ಣಿಗೆ ಕಾಣದು.

ಇಂಥ ಬೆಳಕುಂಟೆಂದು 1801ರಲ್ಲಿ ರಿಟ್ಟರ್ ತೋರಿಸಿದನು: ನೇರಳೆಯ ಆಚೆಗೆ ಇಟ್ಟ ಬೆಳ್ಳಿಯ ಕ್ಲೋರೈಡ್ ಕಪ್ಪಾಯಿತು. 1887ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಹರ್ಟ್ಸ್ ಒಂದು ವಿಚಿತ್ರವನ್ನು ಗಮನಿಸಿದನು. ಒಂದು ಕಿಡಿಯ ಬೆಳಕು ಬಿದ್ದಾಗ ಇನ್ನೊಂದು ಕಿಡಿ ಹೆಚ್ಚು ದೂರ ಹಾರುತ್ತಿತ್ತು. ನಡುವೆ ಗಾಜು ಹಿಡಿದರೆ ಅದು ಕುಗ್ಗುತ್ತಿತ್ತು. ಸ್ಫಟಿಕಶಿಲೆ ಹಿಡಿದರೆ ಕುಗ್ಗುತ್ತಿರಲಿಲ್ಲ. ಗಾಜು ತಡೆದದ್ದು ನೇರಳಾತೀತವನ್ನು. ಹೀಗೆ ಕಿಡಿಯ ಉದ್ದವೇ ಕಾಣದ ಬೆಳಕಿಗೆ ಅಳತೆಗೋಲಾಯಿತು. ಬೆಳಕು ಲೋಹದಿಂದ ಎಲೆಕ್ಟ್ರಾನುಗಳನ್ನು ಹೊರಡಿಸುವ ಈ ಪರಿಣಾಮಕ್ಕೆ ಐನ್‌ಸ್ಟೈನ್ 1905ರಲ್ಲಿ ವಿವರಣೆ ಕೊಟ್ಟರು.

ನಮ್ಮ ನಾಡಿನಲ್ಲಿ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 2013ರ ಡಿಸೆಂಬರ್ 31ರಂದು 765 ಕಿಲೋವೋಲ್ಟಿನ ರಾಯಚೂರು-ಸೋಲಾಪುರ ಮಾರ್ಗ ದಕ್ಷಿಣದ ಜಾಲವನ್ನು ದೇಶದ ಉಳಿದ ಜಾಲಕ್ಕೆ ಬೆಸೆಯಿತು. ಇಂಥ ಮಾರ್ಗಗಳಲ್ಲಿ ಕರೋನಾ ಎಂದರೆ ವಿದ್ಯುತ್ತಿನ ನಷ್ಟ. ಕೆಲವೊಮ್ಮೆ ಇನ್ಸುಲೇಟರು ಕೆಟ್ಟಿರುವ ಸೂಚನೆಯೂ ಹೌದು.

ಹಗಲಿನಲ್ಲಿ ಅದನ್ನು ಕಾಣುವುದು ಹೇಗೆ? ಕರೋನಾದ ಪ್ರಬಲ ಬೆಳಕು 300ರಿಂದ 400 ನ್ಯಾನೊಮೀಟರಿನದು. ಸಾರಜನಕದ ಅಣುಗಳಿಂದ ಬರುವಂಥದು. ಆದರೆ ಅಲ್ಲಿ ಸೂರ್ಯನದೇ ಆಳ್ವಿಕೆ. 240ರಿಂದ 280ರ ನಡುವಿನ ಬಿಸಿಲನ್ನು ಮಾತ್ರ ಮೇಲಿನ ಓಝೋನ್ ಪದರ ಹೀರಿಬಿಡುತ್ತದೆ. ಕರೋನಾ ಅಲ್ಲಿ ಕ್ಷೀಣವಾದರೂ ಪ್ರತಿಸ್ಪರ್ಧಿಯಿಲ್ಲ. ಆ ಕಿಂಡಿಯಿಂದಲೇ ನೋಡುವ ಕ್ಯಾಮೆರಾಗಳು ನಡುಹಗಲಿನಲ್ಲಿಯೂ ಫೋಟಾನುಗಳನ್ನು ಎಣಿಸುತ್ತವೆ. ದೂರ ಹೆಚ್ಚಿದಂತೆ ಎಣಿಕೆ ಇಳಿಯುತ್ತದೆ. ತೇವಾಂಶ ಬದಲಾದರೆ ಕರೋನಾವೇ ಬದಲಾಗುತ್ತದೆ. ಆದ್ದರಿಂದ ಅವೆರಡನ್ನೂ ಬರೆದಿಡದ ಎಣಿಕೆ ಬರಿಯ ಅಂಕಿ, ಅಳತೆಯಲ್ಲ.

ವೆಲ್ಡಿಂಗಿನ ಚಾಪವೂ ಇದೇ ಗಾಳಿಯಲ್ಲಿ ಉರಿಯುವ ಪ್ಲಾಸ್ಮಾ. ಅದರ ನೇರಳಾತೀತವಂತೂ ಬಹು ಪ್ರಖರ. ನೋಡುವಾಗ ನೋವಿಲ್ಲ, ಕೆಲವು ಗಂಟೆಗಳ ಮೇಲೆ ಕಣ್ಣಿನಲ್ಲಿ ಮರಳು ಸುರಿದಂತಾಗುತ್ತದೆ. ವರ್ಕ್‌ಶಾಪ್ ಇಟ್ಟಿರುವ ನನ್ನ ಶಿಷ್ಯರಲ್ಲಿ ಒಂದು ಮಾತು: ಮುಖಕವಚ ನಿಮಗೊಬ್ಬರಿಗೇ ಸಾಲದು, ಪಕ್ಕದಲ್ಲಿ ಕಬ್ಬಿಣ ಹಿಡಿದು ನಿಂತ ಸಹಾಯಕನಿಗೂ ಬೇಕು. ಬಾಗಿಲಲ್ಲಿ ನಿಂತು ನೋಡುವ ಮಕ್ಕಳನ್ನು ದೂರ ಕಳುಹಿಸಿರಿ. ಈ ಬೆಳಕಿನ ವಿಷಯದಲ್ಲಿ ಕಣ್ಣು ಸಾಕ್ಷಿಯಲ್ಲ, ಗಾಯಾಳು.