ಊರ ಕಲ್ಲಿಂದ ಸಂಪುಟದ ಪುಟಕ್ಕೆ: ಶಾಸನಾಸಕ್ತರಿಗೆ ಬೇಕಾದ ಕೆಲವು ಜಾಲತಾಣಗಳು

"ನಮ್ಮೂರ ಗುಡಿ ಮುಂದೆ ಬರಹ ಇರೋ ಒಂದು ಕಲ್ಲಿದೆ, ಯಾರ ಹತ್ರ ಓದಿಸೋದು?" ಶಾಸನದ ವಿಷಯ ಬಂದಾಗಲೆಲ್ಲ ಕೇಳಿಬರುವ ಪ್ರಶ್ನೆ ಇದು. ಹಳೆಯ ಮೈಸೂರು ಸೀಮೆಯ ಊರಾದರೆ, ಆ ಕಲ್ಲನ್ನು ನೂರು ವರ್ಷದ ಹಿಂದೆಯೇ ಯಾರೋ ಓದಿ ಅಚ್ಚು ಹಾಕಿಸಿರುವ ಸಾಧ್ಯತೆ ಹೆಚ್ಚು. ಆ ಪುಟ ಈಗ ಜಾಲದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಆದರೆ ಅದನ್ನು ಹುಡುಕಿ ತೆಗೆಯುವುದಕ್ಕೂ, ಸಿಕ್ಕ ಪಾಠವನ್ನು ಎಷ್ಟರಮಟ್ಟಿಗೆ ನಂಬಬೇಕು ಎಂದು ತಿಳಿಯುವುದಕ್ಕೂ ಸ್ವಲ್ಪ ಅಭ್ಯಾಸ ಬೇಕು.

ಸಂಪುಟಗಳು ಎಲ್ಲಿವೆ?

ಮೊದಲು ಹೋಗಬೇಕಾದ ಜಾಗ ಇಂಟರ್‌ನೆಟ್ ಆರ್ಕೈವ್. ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳ ಸ್ಕ್ಯಾನ್ ಪ್ರತಿಗಳು ಅಲ್ಲಿವೆ. 1886ರ ಕೊಡಗು ಸಂಪುಟದಿಂದ ಶುರುವಾಗಿ 1905ರ ಹೊತ್ತಿಗೆ 12 ಸಂಪುಟಗಳು ಹೊರಬಂದವು. ಒಟ್ಟು ಸುಮಾರು 9,000 ಶಾಸನಗಳು. 1906ರಲ್ಲಿ ರೈಸ್ ನಿವೃತ್ತರಾದ ಮೇಲೆ ಆರ್. ನರಸಿಂಹಾಚಾರ್ಯರೂ ಆನಂತರ ಎಂ. ಎಚ್. ಕೃಷ್ಣ ಅವರೂ ಹುಡುಕಿದ್ದು ಮೈಸೂರು ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿದೆ. ಹಲ್ಮಿಡಿ ಶಾಸನ ಮೊದಲು ಪ್ರಕಟವಾದದ್ದೂ 1936ರ ವರದಿಯಲ್ಲೇ. ಹಾಗಾಗಿ ಸಂಪುಟದಲ್ಲಿ ಸಿಗಲಿಲ್ಲ ಎಂದು ಕೈಬಿಡಬೇಡಿ, ವರದಿಗಳನ್ನೂ ನೋಡಿ.

ಮೈಸೂರು ಸಂಸ್ಥಾನದ ಆಚೆಯ ಊರುಗಳಿಗೆ ದಾರಿ ಬೇರೆ. ಧಾರವಾಡ, ವಿಜಯಪುರ, ಬೆಳಗಾವಿ ಕಡೆಯ ಶಾಸನಗಳು 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್' ಮಾಲೆಯ 11, 15, 18 ಮತ್ತು 20ನೇ ಸಂಪುಟಗಳಲ್ಲಿವೆ. ಬಳ್ಳಾರಿ ಕಡೆಯವರು 9ನೇ ಸಂಪುಟ ನೋಡಬೇಕು. ಇದರ ಜೊತೆಗೆ 'ಎಪಿಗ್ರಾಫಿಯಾ ಇಂಡಿಕಾ' ಮತ್ತು 'ಇಂಡಿಯನ್ ಆಂಟಿಕ್ವರಿ' ಸಂಚಿಕೆಗಳೂ ಆರ್ಕೈವ್‌ನಲ್ಲಿವೆ. ಜೆ. ಎಫ್. ಫ್ಲೀಟ್ ಅವರ ಕೆಲಸ ಬಹಳಷ್ಟು ಇವುಗಳಲ್ಲೇ ಇದೆ.

ಹುಡುಕೋದು ಹೇಗೆ?

ಸ್ಕ್ಯಾನ್ ಪುಟದಲ್ಲಿನ ಹಳೆಯ ಕನ್ನಡ ಅಚ್ಚನ್ನು ಯಂತ್ರ ಸರಿಯಾಗಿ ಓದುವುದಿಲ್ಲ. ಕನ್ನಡದಲ್ಲಿ ಊರ ಹೆಸರು ಹಾಕಿ ಹುಡುಕಿದರೆ ಏನೂ ಬರದೇ ಇರಬಹುದು. ರೈಸ್ ಅವರ ಸಂಪುಟಗಳಲ್ಲಿ ಕನ್ನಡ ಪಾಠದ ಜೊತೆಗೆ ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ ಎರಡೂ ಇವೆ. ಆದ್ದರಿಂದ ಇಂಗ್ಲಿಷ್‌ನಲ್ಲಿ, ಅದೂ ಆ ಕಾಲದ ಹೆಸರಿನಲ್ಲಿ ಹುಡುಕಬೇಕು. ಆಗ ಚಿತ್ರದುರ್ಗ ಚಿತಲ್‌ಡ್ರೂಗ್, ರಾಮನಗರ ಕ್ಲೋಸ್‌ಪೇಟೆ, ಕನಕಪುರ ಕಾನಕಾನಹಳ್ಳಿ. ಇದಕ್ಕಿಂತ ಖಚಿತವಾದ ದಾರಿ ತಾಲ್ಲೂಕಿನ ಸಂಕೇತ ಹಿಡಿದು ಹೋಗುವುದು. 7ನೇ ಸಂಪುಟದ 'ಎಸ್‌ಕೆ 176' ಎಂದರೆ ಶಿಕಾರಿಪುರ ತಾಲ್ಲೂಕಿನ 176ನೇ ಶಾಸನ, ಅಂದರೆ ತಾಳಗುಂದದ ಕದಂಬರ ಸ್ತಂಭ ಶಾಸನ. ಇದನ್ನೇ ಕೀಲ್‌ಹಾರ್ನ್ ಮತ್ತೆ ಪರಿಷ್ಕರಿಸಿ 'ಎಪಿಗ್ರಾಫಿಯಾ ಇಂಡಿಕಾ' 8ನೇ ಸಂಪುಟದಲ್ಲಿ ಪ್ರಕಟಿಸಿದರು. ಎರಡೂ ಈಗ ಜಾಲದಲ್ಲಿರುವುದರಿಂದ ಅಕ್ಕಪಕ್ಕ ಇಟ್ಟುಕೊಂಡು ಓದಬಹುದು. ಒಂದೇ ಕಲ್ಲನ್ನು ಇಬ್ಬರು ವಿದ್ವಾಂಸರು ಹೇಗೆ ಓದಿದರು ಎಂದು ನೋಡೋದು ಒಳ್ಳೆಯ ಪಾಠ.

ಯಾವ ಆವೃತ್ತಿ ಅಂತ ನೋಡ್ಕೊಳ್ಳಿ

ಅನೇಕರು ದಾರಿ ತಪ್ಪುವುದು ಇಲ್ಲೇ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಪರಿಷ್ಕೃತ ಆವೃತ್ತಿ ತಂದಿತು. ಅದರಲ್ಲಿ ಸಂಪುಟಗಳ ಕ್ರಮವೂ ಶಾಸನಗಳ ಸಂಖ್ಯೆಯೂ ಬದಲಾಗಿವೆ. ರೈಸ್ ಅವರ 9ನೇ ಸಂಪುಟ ಬೆಂಗಳೂರು ಜಿಲ್ಲೆಯದು, ಹೊಸ 9ನೇ ಸಂಪುಟ ಬೇಲೂರಿನದು. ಬರೀ "ಎ.ಕ. 9" ಅಂತ ಬರೆದರೆ ಓದುಗ ಯಾವುದನ್ನು ತೆಗೆಯಬೇಕು?

ಶ್ರವಣಬೆಳಗೊಳದ ಸಂಪುಟವನ್ನೇ ನೋಡಿ. 1889ರಲ್ಲಿ ರೈಸ್ ಪ್ರಕಟಿಸಿದ್ದು 144 ಶಾಸನ. 1923ರಲ್ಲಿ ನರಸಿಂಹಾಚಾರ್ಯರ ಆವೃತ್ತಿಯಲ್ಲಿ ಅದು 500 ಆಯಿತು. 1973ರ ಆವೃತ್ತಿಯಲ್ಲಿ 573. ಮೊದಲ ಆವೃತ್ತಿಯ ಸ್ಕ್ಯಾನ್ ಮಾತ್ರ ನೋಡಿ "ಈ ಶಾಸನ ಎಲ್ಲೂ ಪ್ರಕಟವಾಗಿಲ್ಲ" ಎಂದು ಘೋಷಿಸಿದರೆ ಏನಾಗುತ್ತದೆ ಎಂದು ಊಹಿಸಿಕೊಳ್ಳಿ. ಆರ್ಕೈವ್‌ನಲ್ಲಿ ಕೊಟ್ಟಿರುವ ಶೀರ್ಷಿಕೆ ಎಷ್ಟೋ ಸಲ ತಪ್ಪಾಗಿರುತ್ತದೆ. ಒಳಗಿನ ಮುಖಪುಟ ತೆರೆದು ಆವೃತ್ತಿ, ವರ್ಷ ಖಚಿತ ಮಾಡಿಕೊಳ್ಳಿ.

ಪದ ಮತ್ತು ಕಾಲ

ಪಾಠ ಸಿಕ್ಕಿತು, ಪದ ಅರ್ಥವಾಗಲಿಲ್ಲ. ಆಗ ಕಿಟೆಲ್ ನಿಘಂಟು (1894) ಬೇಕು. ಅದೂ ಆರ್ಕೈವ್‌ನಲ್ಲಿದೆ. ವಿ. ಕೃಷ್ಣ ಅವರ 'ಅಲರ್' ಕನ್ನಡ-ಇಂಗ್ಲಿಷ್ ನಿಘಂಟು ಜಾಲದಲ್ಲೇ ಹುಡುಕಲು ಬಹಳ ಸಲೀಸು. ಬರೋ ಮತ್ತು ಎಮೆನೊ ಅವರ ದ್ರಾವಿಡ ವ್ಯುತ್ಪತ್ತಿ ಕೋಶ ಷಿಕಾಗೋ ವಿಶ್ವವಿದ್ಯಾಲಯದ 'ಡಿಜಿಟಲ್ ಸೌತ್ ಏಷ್ಯಾ ಲೈಬ್ರರಿ'ಯಲ್ಲಿದೆ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗಿದೆ ಅನ್ನೋದು ಮಾತ್ರ ನೆನಪಿರಲಿ. 'ಪೆರ್' ಎಂದರೆ ದೊಡ್ಡ, 'ಪೊಳಲ್' ಎಂದರೆ ಊರು, ಪಟ್ಟಣ. ಇಷ್ಟು ಗೊತ್ತಿದ್ದರೆ ಶಾಸನದ 'ಪೆರ್ಬೊಳಲ್' ಇಂದಿನ ಹೆಬ್ಬಾಳ ಎಂದು ತಾನಾಗಿ ಹೊಳೆಯುತ್ತದೆ.

ಕಾಲನಿರ್ಣಯಕ್ಕೆ ಜಪಾನಿನ ಮಿಚಿಯೋ ಯಾನೋ ಮತ್ತು ಮಕೋತೊ ಫುಶಿಮಿ ಅವರ ಪಂಚಾಂಗ ಗಣಕ ಜಾಲದಲ್ಲಿದೆ. ಅದನ್ನು ಸ್ವಾಮಿಕಣ್ಣು ಪಿಳ್ಳೈ ಅವರ 'ಇಂಡಿಯನ್ ಎಫಿಮೆರಿಸ್' ಜೊತೆ ಹೋಲಿಸಿ ನೋಡಬೇಕು. ಶಕವರ್ಷಕ್ಕೆ 78 ಕೂಡಿಸಿದರೆ ಆಯ್ತು ಅಂತ ಕೈ ತೊಳೆದುಕೊಳ್ಳೋ ಹಾಗಿಲ್ಲ. ಹಂಪಿಯ ವಿರೂಪಾಕ್ಷ ಗುಡಿಯಲ್ಲಿರುವ ಕೃಷ್ಣದೇವರಾಯನ ಪಟ್ಟಾಭಿಷೇಕದ ಶಾಸನ ಶಕ 1430, ಶುಕ್ಲ ಸಂವತ್ಸರ, ಮಾಘ ಮಾಸ ಎನ್ನುತ್ತದೆ. ಕಳೆದ ವರ್ಷವೆಂದು ಎಣಿಸಿದರೆ ಶಕ 1430 ವಿಭವ ಸಂವತ್ಸರ, ನಡೆಯುತ್ತಿರುವ ವರ್ಷವೆಂದರೆ ಪ್ರಭವ. ಶುಕ್ಲ ಬರುವುದು 1509ರ ಯುಗಾದಿಯಿಂದ, ಅದರ ಮಾಘ 1510ರ ಆರಂಭಕ್ಕೆ. ಅಂಕಿಯನ್ನು ಹಿಡಿದರೆ 1509, ಸಂವತ್ಸರವನ್ನು ಹಿಡಿದರೆ 1510. ಗಣಕಕ್ಕೆ ಶಕವರ್ಷ ಮಾತ್ರ ಕೊಟ್ಟರೆ ಅದು ಒಂದು ತಾರೀಖು ಕೊಟ್ಟು ಸುಮ್ಮನಾಗುತ್ತದೆ. ಇಲ್ಲೊಂದು ತೊಡಕಿದೆ ಎಂದು ಹೇಳುವುದಿಲ್ಲ. ಅದನ್ನು ಗಮನಿಸುವುದು ಓದುವವರ ಕೆಲಸ. ಸಂವತ್ಸರ ಪರೀಕ್ಷಿಸಲು ಸುಲಭ ಲೆಕ್ಕ ಒಂದಿದೆ: 1987ರ ಯುಗಾದಿಗೆ ಪ್ರಭವ, ಅಲ್ಲಿಂದ ಅರವತ್ತರ ಲೆಕ್ಕದಲ್ಲಿ ಹಿಂದಕ್ಕೆ ಹೋಗಿ.

ಕಲ್ಲು ಇದೆಯೇ?

2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಕೆಲಸಕ್ಕೆ ನೆಲ ಅಗೆದಾಗ ಕಿತ್ತಯ್ಯನ ವೀರಗಲ್ಲು ಕಣ್ಣಿಗೆ ಬಿತ್ತು. ಗಂಗ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಅಲ್ಲಿನ ಜನರ ಆಸಕ್ತಿಯಿಂದ ಅದು ಉಳಿಯಿತು. ಎಲ್ಲ ಕಲ್ಲಿಗೂ ಈ ಅದೃಷ್ಟ ಇಲ್ಲ. ರಸ್ತೆ, ಬಡಾವಣೆ, ಗುಡಿಯ ಜೀರ್ಣೋದ್ಧಾರ ಎಂದು ಹೋದ ಕಲ್ಲುಗಳಿಗೆ ಈಗ ಸಂಪುಟದ ಪುಟವೊಂದೇ ಸಾಕ್ಷಿ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಲ್ಲಿ ಆರಂಭಿಸಿದ ಯೋಜನೆ ಇದಕ್ಕೇ ಉತ್ತರ. ಕಲ್ಲನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ, ಅದು ಇರುವ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ ಎಲ್ಲರಿಗೂ ಸಿಗುವಂತೆ ಮಾಡುತ್ತಿದ್ದಾರೆ. ಇಂಥ ಪ್ರತಿಯಲ್ಲಿ ಬೆಳಕು ಓರೆಯಾಗಿ ಬೀಳುವಂತೆ ತಿರುಗಿಸಿ, ಸವೆದ ಅಕ್ಷರವನ್ನು ನಾವೇ ಓದಲು ಯತ್ನಿಸಬಹುದು. ಸಂಪುಟದ ಪಾಠದಲ್ಲಿ ಅನುಮಾನ ಬಂದರೆ ಪರೀಕ್ಷಿಸುವುದಕ್ಕೂ ದಾರಿಯಾಯಿತು.

ಉಳಿದ ಜಿಲ್ಲೆಗಳಲ್ಲಿ ಮೊದಲ ಹೆಜ್ಜೆಯನ್ನು ನಾವೇ ಇಡಬಹುದು. ನಿಮ್ಮ ತಾಲ್ಲೂಕಿನ ಸಂಪುಟ ಇಳಿಸಿಕೊಂಡು, ನಿಮ್ಮೂರಿನ ಶಾಸನಗಳನ್ನು ಪಟ್ಟಿ ಮಾಡಿ. ಸಂಪುಟದಲ್ಲಿ ಪ್ರತಿ ಶಾಸನದ ಜಾಗವನ್ನೂ ಹೇಳಿರುತ್ತಾರೆ: ಕೆರೆ ಏರಿ, ತೂಬಿನ ಹತ್ತಿರ, ಈಶ್ವರ ಗುಡಿಯ ಮುಂದೆ ಎಂದು. ಒಂದು ಭಾನುವಾರ ಹೋಗಿ ನೋಡಿ. ಇದ್ದರೆ ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಲ್ಲಿ ಫೋಟೋ ತೆಗೆದು, ಅಳತೆ ಮತ್ತು ಜಾಗ ಬರೆದುಕೊಳ್ಳಿ. ಸುಣ್ಣ, ಬಣ್ಣ, ಸೀಮೆಸುಣ್ಣ ಹಚ್ಚಬೇಡಿ, ನೀರಷ್ಟೇ ಸಾಕು. ಕಲ್ಲು ಕಾಣದಿದ್ದರೆ ಅದನ್ನೂ ದಿನಾಂಕ ಹಾಕಿ ಬರೆದಿಡಿ. ಮುಂದೆ ಹುಡುಕುವವರಿಗೆ ಆ ಒಂದು ಸಾಲೂ ಆಧಾರವೇ.