ಹಾಸುಹೊಕ್ಕಿನ ನೆನಪು: ಮುದನೂರಿನ ದಾಸಿಮಯ್ಯ ಮತ್ತು ಇಳಕಲ್ಲ ಸೀರೆ

ಕೃಷ್ಣಾ–ಭೀಮಾ ನದಿಗಳ ನಡುವಣ ಸುರಪುರ, ಶಹಾಪುರ ಪರಿಸರದ ನೇಯ್ಗೆಯ ಇತಿಹಾಸವನ್ನು ಶಾಸನ, ದಫ್ತರಗಳಲ್ಲಿ ಮಾತ್ರ ಅರಸಿದರೆ ಸಾಲದು. ಸುರಪುರ ಸೀಮೆಯ ಮುದನೂರು ಬಸವಪೂರ್ವಯುಗದ ವಚನಕಾರ ಜೇಡರ ದಾಸಿಮಯ್ಯನ ಊರು. ‘ಜೇಡ’ ಎಂದರೆ ನೇಕಾರ. ಆತನ ಅಂಕಿತವಾದ ರಾಮನಾಥನ ಗುಡಿ ಅಲ್ಲಿದೆ. ಮಾರಲು ಒಯ್ದ ಬಟ್ಟೆಯನ್ನು ಶಿವನು ಜಂಗಮವೇಷದಲ್ಲಿ ಬೇಡಿ ಪಡೆದು ಹರಿದು ಚೆಲ್ಲಿದನೆಂದೂ ದಾಸಿಮಯ್ಯ ವಿಚಲಿತನಾಗಲಿಲ್ಲವೆಂದೂ ಐತಿಹ್ಯ. ಇದನ್ನು ಭಕ್ತಿಯ ಪರೀಕ್ಷೆಯೆಂದು ವಿವರಿಸುವುದು ವಾಡಿಕೆ. ಆದರೆ ಒಂದು ಬಟ್ಟೆಯ ನಷ್ಟ ನೇಕಾರನ ಮನೆಗೆ ಎಂಥದೆಂಬುದನ್ನು ಬಲ್ಲ ಕೇಳುಗರಿಗಷ್ಟೇ ಆ ಪರೀಕ್ಷೆಯ ಕಾಠಿಣ್ಯ ತಿಳಿಯುತ್ತದೆ.

ನದಿಯಾಚೆಯ ಇಳಕಲ್ಲ ಸೀರೆ ಆ ಶ್ರಮವನ್ನು ವಿಶದಪಡಿಸುತ್ತದೆ. ಸಾಂಪ್ರದಾಯಿಕವಾಗಿ ಒಡಲಿನ ಹಾಸು ಹತ್ತಿಯದಾದರೆ ಸೆರಗಿನದು ರೇಷ್ಮೆಯದು. ಇವೆರಡರ ಎಳೆಗಳನ್ನು ಕೊಂಡಿ ಹಾಕಿ ಜೋಡಿಸಬೇಕಾದ್ದರಿಂದ ಪ್ರತಿ ಸೀರೆಗೂ ಹಾಸನ್ನು ಪ್ರತ್ಯೇಕವಾಗಿಯೇ ಸಿದ್ಧಪಡಿಸಬೇಕು. ಕೆಂಪು ಸೆರಗಿನ ಬಿಳಿ ವಿನ್ಯಾಸಗಳು ಕೋಟೆಯ ತೆನೆ, ಹಣಿಗೆ, ಜೋಳದ ತೆನೆ, ಬೆಟ್ಟಸಾಲುಗಳನ್ನು ಹೋಲುತ್ತವೆ.

ಸೀರೆಯ ಜೋಪಾನವೂ ಈ ರಚನೆಯನ್ನೇ ಅನುಸರಿಸುತ್ತದೆ. ಹತ್ತಿಯ ಒಡಲು ತಾಳುವ ಒಗೆತವನ್ನು ರೇಷ್ಮೆಯ ಸೆರಗು ತಾಳದು. ಹಿಂಡದೆ ನೆರಳಿನಲ್ಲಿ ಆರಿಸಬೇಕು. ಒಂದೇ ಗೆರೆಯಲ್ಲಿ ಎಳೆ ಮುರಿಯದಂತೆ ಆಗಾಗ ಮಡಿಕೆ ಬದಲಿಸಬೇಕು.

ದಾಸಿಮಯ್ಯನ ಪತ್ನಿ ದುಗ್ಗಳೆ ವಚನಕಾರ್ತಿಯಾದುದರಿಂದ ಆಕೆಯ ಹೆಸರು ಉಳಿಯಿತು. ಕಂಡಿಕೆ ಸುತ್ತಿ, ಹಾಸು ಸಿದ್ಧಪಡಿಸಿ ಮಗ್ಗವನ್ನು ನಡೆಸಿದ ಅಸಂಖ್ಯ ಹೆಂಗಸರಿಗೆ ಆ ಭಾಗ್ಯವಿರಲಿಲ್ಲ. ವಿದ್ಯುತ್‌ಮಗ್ಗ ವಿನ್ಯಾಸವನ್ನು ಅನುಕರಿಸಬಲ್ಲದು. ಕೊಂಡಿ ಹಾಕುವ ಬೆರಳುಗಳ ಅರಿವು ಆ ಬೆರಳುಗಳೊಂದಿಗೇ ಹೋಗುತ್ತದೆ. ಅವರ ಮಾತಿನಲ್ಲೇ ಅದನ್ನು ದಾಖಲಿಸುವುದು ಜಾನಪದ ಅಧ್ಯಯನದ ತುರ್ತು ಹೊಣೆ.